ಸಮುದ್ರದ ಹತ್ತಿರದ ಹಳ್ಳಿಯಲ್ಲಿ ರಜೆಗೊಂದು ಮನೆ ಕೊಳ್ಳಬಹುದಾ?

ಒಡಹುಟ್ಟಿದವರು ಸೇರಿ ಸಮುದ್ರದ ಹತ್ತಿರ, ಹಳ್ಳಿಯಲ್ಲಿ ಒಂದು ಚಿಕ್ಕ ರಜಾ ಮನೆ ಕೊಳ್ಳುವ ಯೋಚನೆಯಲ್ಲಿದ್ದೇವೆ, ಏನೇನು ನೋಡಬೇಕು ಅಂತ ಕೇಳಿದ್ದೀರಿ. ನಾವು ನಾಲ್ವರು ಸೇರಿ ಅಂಥದ್ದೊಂದನ್ನು ಒಂಬತ್ತು ವರ್ಷದಿಂದ ಇಟ್ಟುಕೊಂಡಿದ್ದೇವೆ. ಮಾರಿಬಿಡೋಣ ಅನ್ನುವ ಮಾತು ಎರಡು ಸಲ ಬಂತು. ಮಾರಲಿಲ್ಲ.

ನೀವೀಗ ಲೆಕ್ಕ ಹಾಕುತ್ತಿರುವುದು ಅಲ್ಲಿ ಇರುವ ದಿನಗಳನ್ನು, ಅಲ್ವಾ? ಕೋಣೆ ಎಷ್ಟು, ಜಗಲಿಯಿಂದ ನೀರು ಕಾಣುತ್ತದಾ, ಮಕ್ಕಳು ಎಲ್ಲಿ ಮಲಗುತ್ತಾರೆ. ನಾವೂ ಅದನ್ನೇ ಮಾಡಿದ್ದು. ಆದರೆ ನಾಲ್ಕೂ ಮನೆಯವರು ಸೇರಿ ವರ್ಷಕ್ಕೆ ಹೆಚ್ಚೆಂದರೆ 6 ವಾರ ಅಲ್ಲಿರುತ್ತೇವೆ. ಉಳಿದ 46 ವಾರ ಬೀಗ. ಮನೆ ಹಾಳಾಗುವುದು ಆ 46 ವಾರದಲ್ಲಿ.

ಮೊದಲ ವರ್ಷ ಐದು ತಿಂಗಳು ಮುಚ್ಚಿಟ್ಟು ಹೋದೆವು. ವಾಪಸ್ ಬಂದಾಗ ಬೀಗದೊಳಗೆ ಕೀಲಿ ತಿರುಗಲೇ ಇಲ್ಲ. ಹಿಂದಿನ ಕಿಟಕಿ ಮುರಿದು ಒಳಗೆ ಹೋದೆವು. ಫ್ರಿಜ್ ಸ್ವಿಚ್ ಆರಿಸಿ ಬಾಗಿಲು ಮುಚ್ಚಿಟ್ಟಿದ್ದೆವು, ತೆಗೆದರೆ ಒಳಗೆಲ್ಲ ಕಪ್ಪು ಬೂಷ್ಟು. ಗೋಡೆಗೆ ಒತ್ತಿ ನಿಲ್ಲಿಸಿದ್ದ ಹಾಸಿಗೆಗಳನ್ನು ಎಸೆಯಬೇಕಾಯಿತು. ಅಣ್ಣ ಯಾರ ಜೊತೆಗೂ ಮಾತಾಡದೆ ಸಂಜೆತನಕ ಸುಮ್ನೆ ಹೊರಗೆ ಕೂತಿದ್ದ. ಆ ಮನೆ ತೋರಿಸಿದವನು ಅವನೇ.

ಬೂಷ್ಟಿಗೆ ಕಾರಣ ಗಾಳಿಯಾಡದೆ ಒಳಗೇ ಉಳಿದ ತೇವ. ಬೀಗ ಕೆಟ್ಟಿದ್ದಕ್ಕೆ ಕಾರಣ ಉಪ್ಪು. ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯಲ್ಲಿ ಬಂದು ಎಲ್ಲದರ ಮೇಲೂ ಕೂರುತ್ತವೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಅಂದರೆ ಮಳೆಯೇ ಬರದಿದ್ದರೂ ನಿಮ್ಮ ಚಿಲಕ, ಕೀಲು, ಸ್ವಿಚ್‌ಬೋರ್ಡ್‌ನ ಸ್ಕ್ರೂ ಎಲ್ಲ ಉಪ್ಪುನೀರಲ್ಲಿ ನೆಂದ ಹಾಗೆಯೇ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದರೆ ತುಕ್ಕು ಬರಲ್ಲ ಅಂದುಕೊಂಡಿದ್ದೆ. ಸಾಮಾನ್ಯವಾಗಿ ಸಿಗುವ 304 ದರ್ಜೆಯದಕ್ಕೆ ಒಂದೇ ವರ್ಷದಲ್ಲಿ ಚಹಾ ಚೆಲ್ಲಿದಂಥ ಕಲೆ ಬಂತು. ಸಮುದ್ರದ ಹತ್ತಿರ 316 ಕೇಳಿ ತಗೊಳ್ಳಿ. ಅದರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಜಾಸ್ತಿಯೇ. ಈಗ ಹೊರಡುವ ದಿನ ಬಾಗಿಲು, ಕಿಟಕಿ, ಚಿಲಕಗಳನ್ನೆಲ್ಲ ಸಿಹಿನೀರಲ್ಲಿ ಒರೆಸಿ, ಒಣಗಿಸಿ, ಕೀಲುಗಳಿಗೆ ಎಣ್ಣೆ ಬಿಟ್ಟು ಹೋಗುತ್ತೇವೆ. ಫ್ರಿಜ್ ಬಾಗಿಲಿಗೆ ಒಂದು ಟವೆಲ್ ಸಿಕ್ಕಿಸಿ ಅರೆ ತೆರೆದಿಡುತ್ತೇವೆ. ಅರ್ಧ ದಿನದ ಕೆಲಸ. ಆ ದಿನವೇ ಎಲ್ಲರಿಗೂ ಬೇಗ ಹೊರಡಬೇಕಾದ ತುರ್ತು ಬರುತ್ತದೆ, ಅದು ಬೇರೆ ಮಾತು.

ಅದಕ್ಕೇ ನಾನಾದರೆ ಸಮುದ್ರಕ್ಕೆ ಮುಖ ಮಾಡಿದ ಮನೆ ಕೊಳ್ಳಲ್ಲ. ಹತ್ತು ಹದಿನೈದು ನಿಮಿಷ ನಡೆಯುವಷ್ಟು ಒಳಗೆ, ಮರಗಳ ಮರೆಯಲ್ಲಿ, ಸುತ್ತ ವರ್ಷವಿಡೀ ಜನ ವಾಸವಿರುವ ಮನೆಗಳಿದ್ದರೆ ಸಾಕು. ನಮ್ಮ ಮನೆ ಉಳಿದಿರುವುದೇ ಪಕ್ಕದ ಮನೆಯ ಅಜ್ಜನಿಂದ. ವಾರಕ್ಕೊಮ್ಮೆ ಬಂದು ಕಿಟಕಿ ತೆರೆದು, ನಲ್ಲಿ ಬಿಟ್ಟು ನೋಡಿ, ಸಂಜೆ ಮುಚ್ಚುತ್ತಾರೆ. ಗಾಳಿ ಜೋರಿರುವ ದಿನ ಸಮುದ್ರದ ಕಡೆಯ ಕಿಟಕಿ ಮುಟ್ಟಲ್ಲ. ಇಂಥವರಿಗೆ ತಿಂಗಳು ತಿಂಗಳು ಸರಿಯಾಗಿ ಹಣ ಕೊಡಿ. ಹೋದಾಗಷ್ಟೇ ಏನೋ ಕೈಗಿಟ್ಟು ಬರುವುದು ಸರಿಯಲ್ಲ.

ಬಾವಿ ಅಥವಾ ಬೋರ್‌ವೆಲ್ ಇದ್ದರೆ ನೀರನ್ನು ವರ್ಷದ ಅತಿ ಒಣ ತಿಂಗಳಲ್ಲಿ ಕುಡಿದು ನೋಡಿ. ಕರಾವಳಿಯಲ್ಲಿ ನೆಲದೊಳಗಿನ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮೇಲಿನ ಮಟ್ಟ ಒಂದು ಅಡಿ ಇಳಿದರೆ ಕಾಲಕ್ರಮದಲ್ಲಿ ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೇರಬಹುದು. ಪಂಪ್ ದೊಡ್ಡದು ಹಾಕಿದಷ್ಟೂ ಕಷ್ಟ. ಮನೆ ವಿಮೆ ಮಾಡಿಸುವುದಾದರೆ ಎಷ್ಟು ದಿನ ಖಾಲಿ ಬಿಡಬಹುದು ಅನ್ನುವ ಷರತ್ತನ್ನು ಮೊದಲೇ ಓದಿಕೊಳ್ಳಿ.

ಇನ್ನು ಒಡಹುಟ್ಟಿದವರ ವಿಷಯ. ನಮ್ಮಲ್ಲಿ ಜಗಳ ಬಂದಿದ್ದು ಹಣಕ್ಕಲ್ಲ, ಹಳೇ ಸೋಫಾಗಳಿಗೆ. ತಮ್ಮ ಮನೆಯಲ್ಲಿ ಬೇಡವಾದ ಸಾಮಾನನ್ನೆಲ್ಲ ಎಲ್ಲರೂ ಅಲ್ಲಿಗೆ ಸಾಗಿಸತೊಡಗಿದರು. ಮೂರನೇ ವರ್ಷಕ್ಕೆ ಅಲ್ಲಿ ಐದು ಸೋಫಾ, ಒಂದೂ ಕೂರುವಂತಿರಲಿಲ್ಲ. ಈಗ ಒಂದು ತಂದರೆ ಒಂದು ಹೊರಗೆ. ಖರ್ಚು ಮಾತ್ರ ಸಮಪಾಲು, ಇದ್ದ ದಿನಗಳ ಪ್ರಕಾರ ಅಲ್ಲ. ಅಕ್ಕ ಎರಡು ವರ್ಷ ಬರಲೇ ಇಲ್ಲ, ಆದರೂ ಪಾಲು ಕೊಟ್ಟಳು. ಮುಚ್ಚಿದ ಮನೆಗೂ ಖರ್ಚು ಅಷ್ಟೇ ತಾನೇ.

ಕೊಳ್ಳುವ ಮುಂಚೆ ಒಮ್ಮೆ ಗಾಳಿ ಮಳೆಯ ತಿಂಗಳಲ್ಲಿ ಹೋಗಿ ನೋಡಿ. ಬೀಗ ನೀವೇ ತೆಗೆಯಿರಿ. ಬೀರುಗಳ ಬಾಗಿಲು ತೆರೆದು ವಾಸನೆ ನೋಡಿ. ಯಾವುದಾದರೂ ಕೋಣೆ ತೋರಿಸಿ "ಅದನ್ನು ತುಂಬಾ ದಿನದಿಂದ ತೆಗೆದಿಲ್ಲ" ಅಂದರೆ, ಮೊದಲು ಅದನ್ನೇ ತೆಗೆಸಿ.