ಮುಸ್ಸಂಜೆ ನಾಲ್ಕೂವರೆಗೆ ಆಗುವುದಿಲ್ಲ

ಪ್ರಶ್ನೆ: ‘ಮುಸ್ಸಂಜೆ’ ಅಂದರೆ ಸಂಜೆಗೆ ಮುಂಚಿನ ಹೊತ್ತು ಅಲ್ವಾ? ಮಗಳ ಆರತಕ್ಷತೆ ಪತ್ರಿಕೆಯಲ್ಲಿ ‘ಮುಸ್ಸಂಜೆ 4.30ಕ್ಕೆ’ ಅಂತ ಹಾಕಿಸುತ್ತಿದ್ದೇವೆ. – ದಾವಣಗೆರೆಯ ಓದುಗರು

ಉತ್ತರ: ಅಲ್ಲ. ಮದುವೆ ಸೀಸನ್ ಬಂತು ಅಂದರೆ ಇದೇ ಪ್ರಶ್ನೆ. ದಯವಿಟ್ಟು ಅಚ್ಚಿಗೆ ಕೊಡುವ ಮೊದಲೇ ತಿದ್ದಿಸಿ. ‘ಮುಂಚೆ’ ಅನ್ನುವ ಅರ್ಥದ ‘ಮುಂ’ ಸೇರಿದ್ದರೆ ಸೊನ್ನೆ ಉಳಿಯಬೇಕಿತ್ತು. ಮುಂಗಾರು, ಮುಂಗೋಳಿ ನೋಡಿ. ಇಲ್ಲಿ ಇರುವುದು ಒತ್ತು. ಮುಕ್ಕಣ್ಣ, ಮುಮ್ಮಡಿ, ಮುಕ್ಕಾಲು ಇದ್ದ ಹಾಗೆ. ಅಲ್ಲೆಲ್ಲ ಮೂರು, ಇಲ್ಲೂ ಮೂರೇ. ಬೆಳಗ್ಗೆ, ಮಧ್ಯಾಹ್ನ, ಸಾಯಂಕಾಲ ಅಂತ ದಿನಕ್ಕೆ ಮೂರು ಸಂಧ್ಯೆ. ಅದರಲ್ಲಿ ಮೂರನೆಯದು ಇದು. ‘ಸಂಧ್ಯಾ’ ಸಂಜೆಯಾಗಿದ್ದು ‘ವಂಧ್ಯಾ’ ಬಂಜೆಯಾದ ದಾರಿಯಲ್ಲೇ. ಮಲಯಾಳದವರೂ ಈ ಹೊತ್ತಿಗೆ ‘ಮೂವಂತಿ’ ಅನ್ನುತ್ತಾರೆ. ಅಷ್ಟು ದೂರ ಯಾಕೆ, ಚಳ್ಳಕೆರೆ ಕಡೆ ಅಜ್ಜಿಯರನ್ನು ಕೇಳಿ. ‘ಮೂರ್ಸಂಜೆ ಹೊತ್ನಾಗೆ ಮಲಗಬ್ಯಾಡ’ ಅಂತ ಮೊಮ್ಮಕ್ಕಳನ್ನು ಎಬ್ಬಿಸುತ್ತಾರೆ.

ಇನ್ನು ಗಡಿಯಾರದ ಮಾತು. ನಮ್ಮ ಕಡೆ ಸೂರ್ಯ ಮುಳುಗುವುದು ಡಿಸೆಂಬರ್‌ನಲ್ಲಿ 6ರ ಆಸುಪಾಸು, ಜೂನ್‌ನಲ್ಲಿ 7ರ ಹತ್ತಿರ. ಆಮೇಲೆ ಅವನು ದಿಗಂತದಿಂದ 6 ಡಿಗ್ರಿ ಕೆಳಗಿಳಿಯಲು 20–25 ನಿಮಿಷ ಬೇಕು. ಮುಸ್ಸಂಜೆ ಅಂದರೆ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಅಂಗಳದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೀರಿ ಅಂದುಕೊಳ್ಳಿ. ಮೊರ ಕಾಣುತ್ತದೆ, ಅಕ್ಕಿ ಬೆಳ್ಳಗೆ ಕಾಣುತ್ತದೆ, ಕಲ್ಲು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಆ ಹೊತ್ತು. ನೀವು ಹಾಕಿಸಿದ 4.30ಕ್ಕೆ ಬಿಸಿಲು ಇನ್ನೂ ಚುರುಗುಟ್ಟುತ್ತಿರುತ್ತದೆ. ಸುಮ್ನೆ ‘ಸಂಜೆ 4.30’ ಅಂತ ಬರೆಸಿ, ಸಾಕು. ಚೆಂದ ಕಾಣಲಿ ಅಂತ ಪದ ಹಾಕುವವರೇ ಜಾಸ್ತಿ ಆಗಿದ್ದಾರೆ. ಪತ್ರಿಕೆ ಓದುವವರಿಗೆ ಹೊತ್ತು ತಿಳಿಯಬೇಕು.

ಪ್ರಶ್ನೆ: ರಾತ್ರಿ 8ಕ್ಕೆ ಗೋಧೂಳಿ ಮುಹೂರ್ತ ಅನ್ನಬಹುದಾ?

ಉತ್ತರ: ಇಲ್ಲ. ದನ ಮನೆಗೆ ತಿರುಗುವಾಗ ಏಳುವ ಧೂಳಿನಿಂದ ಬಂದ ಹೆಸರು ಅದು.

ಪ್ರಶ್ನೆ: ‘ಬೈಗು’ ಹಳ್ಳಿ ಮಾತಲ್ವಾ, ಬರವಣಿಗೆಯಲ್ಲಿ ಬಳಸಬಹುದಾ?

ಉತ್ತರ: ಧಾರಾಳವಾಗಿ ಬಳಸಿ. ಸಂಜೆಗೆ ಹಳಗನ್ನಡದಿಂದಲೂ ಇರುವ ಪದ.

ಪ್ರಶ್ನೆ: ಅಂಗಡಿಗೆ ‘ಮುಸ್ಸಂಜೆ’ ಅಂತ ಹೆಸರಿಟ್ಟರೆ ವ್ಯಾಪಾರ ಮುಳುಗುತ್ತದೆ ಅಂತ ಸಂಖ್ಯಾಶಾಸ್ತ್ರದವರು ಹೆದರಿಸಿದ್ದಾರೆ. ಹೆಸರು ತಿದ್ದಲು ದುಡ್ಡು ಕೇಳುತ್ತಿದ್ದಾರೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಲಕ್ಷ್ಮಿ ಬರುವ ಹೊತ್ತು ಅಂತ ನಮ್ಮ ಮನೆಗಳಲ್ಲಿ ಬಾಗಿಲು ತೆರೆದು ದೀಪ ಹಚ್ಚುವುದೇ ಮುಸ್ಸಂಜೆಗೆ. ಆ ಹೆಸರಿಗೆ ಕೆಟ್ಟದ್ದು ಅಂಟಿಸಿ ಕಾಸು ಮಾಡುವವರನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳಬೇಡಿ. ಬೋರ್ಡ್ ಬರೆಯುವವರಿಗೆ ಮಾತ್ರ ಒಂದು ಹೇಳಿ: ‘ಮುಂಸಂಜೆ’ ಅಂತ ಸೊನ್ನೆ ಹಾಕದಿರಲಿ.