ಡಿಪ್ ಪುಸ್ತಕದ ಕೈಬರಹ

ಸಲಹೆ ಕೇಳಲು ಅಣ್ಣ ತಮ್ಮ ನನ್ನ ಬಳಿಗೆ ಒಂದೇ ಕಾರಿನಲ್ಲಿ ಬಂದರು. ಕೋಣೆಯೊಳಗೆ ಮಾತ್ರ ಕುರ್ಚಿಗಳನ್ನು ದೂರ ಎಳೆದುಕೊಂಡು ಕುಳಿತರು. ಅಣ್ಣನಿಗೆ 61, ತಮ್ಮನಿಗೆ 54. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಅವರ ಪೆಟ್ರೋಲ್ ಬಂಕ್ ಇದೆ. ತಂದೆ ತೀರಿಕೊಂಡು ಎರಡು ವರ್ಷ, ವಾರಗಿತ್ತಿಯರು ಮಾತು ಬಿಟ್ಟು ಎಂಟು ತಿಂಗಳು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬಂಕಿನ ಕಥೆ ಹೇಳಿ ಎಂದೆ. ಅಣ್ಣ ಪಾಠ ಒಪ್ಪಿಸಿದಂತೆ ಹೇಳಿದರು. 1968ರಲ್ಲಿ ತಂದೆ ಬರ್ಮಾ ಶೆಲ್ ಡೀಲರ್‌ಶಿಪ್ ಪಡೆದರು, ಪಂಪನ್ನು ಕೈಯಿಂದ ತಿರುಗಿಸುವ ಕಾಲ. 1976ರಲ್ಲಿ ಸರ್ಕಾರ ಆ ಕಂಪನಿಯನ್ನು ವಹಿಸಿಕೊಂಡಿತು, ಮರುವರ್ಷ ಫಲಕದಲ್ಲಿ ಭಾರತ್ ಪೆಟ್ರೋಲಿಯಂ ಬಂದಿತು. 1989ರಲ್ಲಿ ತಾವು ಪಾಲುದಾರರಾದರು. ಅಷ್ಟೇ. ಇಡೀ ಕಥೆಯಲ್ಲಿ ತಮ್ಮನ ಹೆಸರು ಒಮ್ಮೆಯೂ ಬರಲಿಲ್ಲ. ತಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಇವನಿಗೆ ತಿಂಗಳು ತಿಂಗಳು ಸಂಬಳ ಕೊಟ್ಟಿದ್ದೇವೆ ಮೇಡಂ. ಆದರೂ 2021ರ ದೀಪಾವಳಿಯಲ್ಲಿ ಲಕ್ಷಗಟ್ಟಲೆ ನಷ್ಟ ಮಾಡಿದ" ಎಂದರು ಅಣ್ಣ.

ಅಣ್ಣನ ಮಗ ಪಾಲು ಕೇಳಿದಾಗ ಜಗಳ ಹೊತ್ತಿಕೊಂಡಿತ್ತು, ನಿಜ. ಆದರೆ ಇಬ್ಬರೂ ಮತ್ತೆ ಮತ್ತೆ ಮರಳುತ್ತಿದ್ದುದು ಈ ದೀಪಾವಳಿಗೇ. ಮುಂದಿನ ಸಲ ಹಳೆಯ ಡಿಪ್ ಪುಸ್ತಕಗಳನ್ನು ತನ್ನಿ ಎಂದೆ. ಟ್ಯಾಂಕಿಗೆ ಕೋಲು ಇಳಿಸಿ ಸೆಂಟಿಮೀಟರ್ ಓದಿ, ಪಟ್ಟಿ ನೋಡಿ ಎಷ್ಟು ಲೀಟರ್ ಉಳಿದಿದೆ ಎಂದು ದಿನವೂ ಬರೆಯುವ ಪುಸ್ತಕ ಅದು.

ಎರಡು ಗೋಣಿಚೀಲದಲ್ಲಿ ತಂದರು. ಸೀಮೆಎಣ್ಣೆಯೋ ಡೀಸೆಲೋ, ಕೋಣೆ ಇನ್ನೂ ಅದೇ ವಾಸನೆ. 1994ರಿಂದ ಬೆಳಗಿನ ಸಾಲುಗಳೆಲ್ಲ ತಮ್ಮನ ಕೈಬರಹ. ದರ ದಿನವೂ ಬದಲಾಗುವ ಪದ್ಧತಿ 2017ರ ಜೂನ್ 16ರಂದು ಬಂದಮೇಲೆ, ಬೆಳಿಗ್ಗೆ ಆರಕ್ಕೆ ಹೊಸ ದರ ಬರೆದದ್ದೂ ಅದೇ ಕೈ. ನೋಟು ರದ್ದಾದ 2016ರ ನವೆಂಬರಿನಲ್ಲಿ ಹಳೆಯ ನೋಟು ಹಿಡಿದು ಜನ ಬಂಕಿಗೆ ಮುಗಿಬಿದ್ದ ವಾರಗಳಲ್ಲಿ ಅಕ್ಷರ ಸೊಟ್ಟಸೊಟ್ಟಗಿದೆ. ನಿದ್ದೆಗೆಟ್ಟ ಮನುಷ್ಯನ ಅಕ್ಷರ.

2021ರ ನವೆಂಬರಿನ ಪುಟ ತೆರೆದೆವು. 3ನೆಯ ತಾರೀಕು ಸಂಜೆ 12,000 ಲೀಟರ್ ಡೀಸೆಲ್ ಇಳಿದಿದೆ. ಬೆಳಗಾಗುವುದರಲ್ಲಿ ಕೇಂದ್ರದ ಸುಂಕ ಡೀಸೆಲಿಗೆ ಲೀಟರಿಗೆ 10 ರೂಪಾಯಿ, ಪೆಟ್ರೋಲಿಗೆ 5 ರೂಪಾಯಿ ಇಳಿದಿತ್ತು. ಹೆಚ್ಚಿನ ದರಕ್ಕೆ ಕೊಂಡದ್ದನ್ನು ಕಡಿಮೆಗೆ ಮಾರಬೇಕು. ಆ ಒಂದು ಲೋಡಿನ ಡೀಸೆಲಿಗೇ 1,20,000 ರೂಪಾಯಿ. ಹಬ್ಬಕ್ಕೆ ಸ್ಟಾಕ್ ಇರಲಿ ಎಂದು ಲೋಡಿಗೆ ಹಣ ಕಟ್ಟಿಸಿದವರು ಯಾರು ಎಂದು ಕೇಳಿದೆ. ಅಣ್ಣ ಬಹಳ ಹೊತ್ತು ಪುಟ ನೋಡಿ, "ನಾನೇ" ಎಂದರು.

ತಮ್ಮ ಅತ್ತರು. ಲೆಕ್ಕ ತಿಳಿದಿದ್ದೂ ಮೂರು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದ್ದಕ್ಕೆ, "ಅಪ್ಪ ಇದ್ದರಲ್ಲ" ಎಂದರು. ಆ ಉತ್ತರ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಸಲಹೆ ಕೊಟ್ಟದ್ದು ಹೀಗೆ. ಡೀಲರ್‌ಶಿಪ್ ಎನ್ನುವುದು ಹೊಲದಂತೆ ಬದು ಹಾಕಿ ಹಂಚಿಕೊಳ್ಳುವಂಥದ್ದಲ್ಲ. ಪಾಲುದಾರರ ಹೆಸರು ಸೇರಿಸಲು ಕಂಪನಿಯ ಒಪ್ಪಿಗೆ ಬೇಕು. ಹಾಗಾಗಿ ಕೋರ್ಟಿಗೆ ಓಡುವ ಮುನ್ನ ವಕೀಲರೊಬ್ಬರಿಂದ ಒಪ್ಪಂದದ ಕಾಗದಗಳನ್ನು ಓದಿಸಿ. ಬಂಕಿನ ಇತಿಹಾಸವನ್ನು ಇಬ್ಬರೂ ಕುಳಿತು ಹೊಸದಾಗಿ ಬರೆಯಿರಿ, ಯಾವ ವರ್ಷ ಯಾರು ಯಾವ ಕೆಲಸಕ್ಕೆ ನಿಂತಿದ್ದರು ಎಂಬುದರ ಸಮೇತ. ಅಣ್ಣನ ಮಗ ಅದನ್ನು ಓದಿದ ಮೇಲೆಯೇ ಪಾಲಿನ ಮಾತು. ಮನೆಯ ಹೆಂಗಸರನ್ನು ರಾಜಿ ಮಾಡಿಸಲು ಹೋಗಬೇಡಿ, ಅವರ ಜಗಳ ನಿಮ್ಮ ಜಗಳದ ನೆರಳು. ಇನ್ನೊಂದು ಮಾತು ಅಣ್ಣನಿಗೆ ಮಾತ್ರ: ಒಂದು ತಿಂಗಳು ಬೆಳಗಿನ ಡಿಪ್ ನೀವೇ ನೋಡಿ.

ತಮ್ಮನ ಹೆಸರು ಸೇರಿಸುವ ಅರ್ಜಿ ಕಂಪನಿಗೆ ಹೋಗಿದೆ, ಉತ್ತರ ಬಂದಿಲ್ಲ. ಅಣ್ಣನ ಮಗ ಇನ್ನೂ ಒಪ್ಪಿಲ್ಲ. ಮೊದಲ ದಿನ ಡಿಪ್ ಪಟ್ಟಿಯಲ್ಲಿ ಸಾಲು ತಪ್ಪಿ ಓದಿ, 800 ಲೀಟರ್ ಕಡಿಮೆ ಬಂತೆಂದು ಗಾಬರಿಯಾದ ಅಣ್ಣ ಬೆಳಿಗ್ಗೆ ಐದೂವರೆಗೆ ತಮ್ಮನಿಗೆ ಫೋನ್ ಮಾಡಿದರಂತೆ. ತಮ್ಮ ಲುಂಗಿಯಲ್ಲೇ ಸ್ಕೂಟರ್ ಹತ್ತಿ ಬಂದರಂತೆ.