ಕತ್ತಲಲ್ಲಿ ಹೊಳೆಯುವ ನ್ಯಾನೊ ಕಣಗಳಿಂದ ತರಕಾರಿಯಲ್ಲಿರುವ ಕೀಟನಾಶಕ ಪತ್ತೆಯಾಗುತ್ತದೆಯೇ?

ಆಗುತ್ತದೆ. ಆದರೆ ನೀವು ಊಹಿಸಿದಂತೆ ಟೊಮೆಟೊ ಮೇಲೆ ಪುಡಿ ಉದುರಿಸಿ ದೀಪ ಆರಿಸಿದರೆ ವಿಷವಿರುವ ಕಡೆ ಮಿನುಗುವುದಿಲ್ಲ. ಪ್ರಯೋಗಾಲಯದಲ್ಲಿ ನಾನು ಮಾಡುತ್ತಿದ್ದ ಪರೀಕ್ಷೆಯಲ್ಲಿ ಎಲ್ಲವೂ ತಿರುವುಮುರುವು: ಬೆಳಕು ಬಂದರೆ ನಿಶ್ಚಿಂತೆ, ಕತ್ತಲೆಯಾದರೆ ಅನುಮಾನ.

ಪಾಲಕ್ ಸೊಪ್ಪನ್ನು ಸ್ಪಿರಿಟ್‌ನಲ್ಲಿ ಅರೆದು ಸೋಸಿ, ಖೋಟಾ ನೋಟು ನೋಡುವ ನೇರಳಾತೀತ ಟಾರ್ಚ್ ಹಿಡಿಯಿರಿ. ಹಸಿರು ರಸ ಕೆಂಪಗೆ ಹೊಳೆಯುತ್ತದೆ. ಅದು ಪತ್ರಹರಿತ್ತಿನ ಸ್ವಂತ ಬೆಳಕು. ಹೀಗೆ ಟಾರ್ಚ್ ಬಿದ್ದಾಗ ಹೊಮ್ಮುವ ಬೆಳಕನ್ನು ಅಳೆಯುವ ಸಾಮಾನ್ಯ ಪ್ರತಿದೀಪ್ತಿ ಪರೀಕ್ಷೆಗೆ ಇದೇ ದೊಡ್ಡ ತಲೆನೋವು. ನಾವು ಹುಡುಕುವ ಮಂದ ಬೆಳಕು ಇದರಲ್ಲಿ ಮುಳುಗಿಹೋಗುತ್ತದೆ. ಟಾರ್ಚ್ ಆರಿಸಿದರೆ ಸೊಪ್ಪಿನ ಬೆಳಕು ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಮುಗಿಯುತ್ತದೆ. ಮ್ಯಾಂಗನೀಸ್ ಬೆರೆಸಿದ ಸತುವಿನ ಸಲ್ಫೈಡ್ ನ್ಯಾನೊ ಕಣಗಳ ಕಿತ್ತಳೆ ಬೆಳಕು ಮಾತ್ರ ಮಿಲಿಸೆಕೆಂಡುಗಳವರೆಗೆ ಉಳಿದಿರುತ್ತದೆ. ಸೊಪ್ಪಿನ ಬೆಳಕು ಆರುವಷ್ಟು ಹೊತ್ತು ಉಪಕರಣ ತಡೆದು ಕಣ್ಣು ತೆರೆದರೆ ಸಾಕು. ಮಕ್ಕಳ ಕೋಣೆಯ ಚಾವಣಿಗೆ ಅಂಟಿಸುವ ನಕ್ಷತ್ರಗಳೂ ದೂರದ ನೆಂಟರೇ. (ಅವನ್ನು ‘ರೇಡಿಯಂ’ ಎನ್ನುವುದು ರೂಢಿ; ರೇಡಿಯಂ ಅದರಲ್ಲಿ ಚೂರೂ ಇಲ್ಲ.)

ಇನ್ನು ಪತ್ತೆಯ ವಿಷಯ. ಕಣಗಳಿಗೆ ಮ್ಯಾಂಗನೀಸ್ ಡೈಆಕ್ಸೈಡ್‌ನ ತೆಳು ಪದರ ಹೊದಿಸಿದರೆ ಹೊಳಪು ನಂದುತ್ತದೆ. ನಮ್ಮ ನರಗಳಲ್ಲೂ ಇರುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವಕ್ಕೆ ಅಸಿಟೈಲ್‌ಥಯೋಕೋಲಿನ್ ಎಂಬ ರಾಸಾಯನಿಕ ಕೊಟ್ಟರೆ ಅದು ಥಯೋಕೋಲಿನ್ ಆಗಿ ಒಡೆಯುತ್ತದೆ. ಥಯೋಕೋಲಿನ್ ಆ ಹೊದಿಕೆಯನ್ನು ಕರಗಿಸುತ್ತದೆ, ಬೆಳಕು ಮರಳುತ್ತದೆ. ಆರ್ಗನೊಫಾಸ್ಫೇಟ್ ಅಥವಾ ಕಾರ್ಬಮೇಟ್ ಕೀಟನಾಶಕವಿದ್ದರೆ ಕಿಣ್ವದ ಕೈ ಕಟ್ಟಿದಂತೆ. ಹೊದಿಕೆ ಹಾಗೆಯೇ ಉಳಿಯುತ್ತದೆ. ಹುಳವನ್ನು ಕೊಲ್ಲುವ ಗುಣವೇ ಇಲ್ಲಿ ಸಾಕ್ಷಿ ಹೇಳುತ್ತದೆ ಎಂಬುದು ನನಗೆ ಬಹಳ ಇಷ್ಟ.

ಹಾಗೆಂದು ಇದನ್ನೇ ನಂಬಿ ಕೂರಬೇಡಿ. ಇಮಿಡಾಕ್ಲೊಪ್ರಿಡ್, ಸೈಪರ್‌ಮೆಥ್ರಿನ್ ಹೊಡೆದ ಬೆಂಡೆಕಾಯಿಯೂ ಚೆನ್ನಾಗಿ ಹೊಳೆಯುತ್ತದೆ, ಏಕೆಂದರೆ ಅವು ಈ ಕಿಣ್ವವನ್ನು ಮುಟ್ಟುವುದಿಲ್ಲ. ಕ್ಲೋರ್‌ಪೈರಿಫಾಸ್ ಮುಟ್ಟುವ ಜಾತಿಯದೇ, ಆದರೆ ಅದನ್ನು ಮೊದಲು ಆಕ್ಸಾನ್ ರೂಪಕ್ಕೆ (ಗಂಧಕದ ಜಾಗದಲ್ಲಿ ಆಮ್ಲಜನಕ ಬಂದ ರೂಪಕ್ಕೆ) ತರಬೇಕು, ಇಲ್ಲವಾದರೆ ಜಾರಿಕೊಳ್ಳುತ್ತದೆ. ಕತ್ತಲೆಯಾದರೂ ಯಾವ ಔಷಧಿ ಎಂದು ತಿಳಿಯದು. ಯುರೋಪಿನಲ್ಲಿ ಪ್ರತ್ಯೇಕ ಮಿತಿ ಗೊತ್ತುಪಡಿಸದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ ಮಿತಿ, ಅಂದರೆ ಸಾವಿರ ಟನ್ ದ್ರಾಕ್ಷಿಯಲ್ಲಿ 10 ಗ್ರಾಂ. ಅದನ್ನು ಹೆಸರು ಹಿಡಿದು ಅಳೆಯಲು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್ ಬೇಕೇ ಬೇಕು. ನೂರು ಮಾದರಿಗಳಲ್ಲಿ ಯಾವ ಹತ್ತನ್ನು ಆ ದುಬಾರಿ ಯಂತ್ರಕ್ಕೆ ಮೊದಲು ಕಳುಹಿಸಬೇಕು ಎಂದು ಆರಿಸಲು ಈ ಕಣಗಳು ಒಳ್ಳೆಯವು.

ಮನೆಗೆ ಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನಾಗಿದ್ದರೆ ಕೊಳ್ಳುವುದಿಲ್ಲ. ಕಿಣ್ವವನ್ನು ತಣ್ಣಗಿಡಬೇಕು, ಏಪ್ರಿಲ್ ಬಿಸಿಲಿನಲ್ಲಿ ಅದು ಕೆಟ್ಟುಹೋದರೆ ಶುದ್ಧ ನೀರೂ ವಿಷದಂತೆ ಕತ್ತಲೆಯನ್ನೇ ತೋರಿಸುತ್ತದೆ.